ಹೊಳೆ ದಾಟುವ ಕಾಸು

ನಮ್ಮತ್ತೆ, ಹೆಸರು ತೊರಾ, ಸಕಾಯ್ ಎಂಬ ಬಂದರಿನ ಓಣಿಯಲ್ಲಿ ತೋಫು ಮಾರುತ್ತಿದ್ದವಳು. ತೋಫುವಿಗಿಂತ ಅವಳ ಬಾಯಿ ಹೆಸರುವಾಸಿ. ಯಾರೇ ಕಾಸು ಕೊಡಲಿ, ಸವರಿ ನೋಡಿ, ಕಲ್ಲಿನ ಮೇಲೆ ಟಣ್ ಎನಿಸುವಳು. ಚೀನಾದಿಂದ ಬಂದ ಹಳೆಯ ಕಾಸಾದರೆ ಮಡಿಲಿಗೆ. ಇಲ್ಲೇ ಯಾರೋ ಕದ್ದು ಎರಕ ಹೊಯ್ದ, ಅಕ್ಷರವಿಲ್ಲದ 'ಬಿತಾ' ಆದರೆ ಕೊಟ್ಟವರ ಮುಖಕ್ಕೆ.

"ಬಿತಾ ತಂದವ್ರಿಗೆ ತೋಫು ತೊಳೆದ ನೀರೇ ಸಾಕು, ಕುಡ್ಕೊಂಡು ಹೋಗಿ!"

ಎದುರುಮನೆಯ ಮೀನು ಮಾರುವ ಮಗೊಜಿ ಇದನ್ನು ಕೇಳದ ದಿನವೇ ಇರಲಿಲ್ಲ. ನಾಚಿಕೆಯಾಗುತ್ತಿದ್ದದ್ದು ನನಗೆ.

ಆ ಚಳಿಗಾಲದಲ್ಲಿ ಅತ್ತೆಗೆ ಜ್ವರ ಹತ್ತಿತು, ಗಂಜಿಯೂ ಇಳಿಯಲಿಲ್ಲ. ಅವಳ ಭಯ ಸಾವಿನದಲ್ಲ. ಸತ್ತವರು ಹೊಳೆ ದಾಟಲೆಂದು ಜೊತೆಗೆ ಆರು ಕಾಸು ಇಡುತ್ತೇವಲ್ಲ, ಅದರದು. ಒಳ್ಳೆಯ ಕಾಸೆಲ್ಲ ಔಷಧಿಗೆ ಹೋಗಿತ್ತು. ಅವಳು ಮಲಗಿದ ಮೇಲೆ ಅಂಗಡಿಯಲ್ಲಿ ಕೂತ ನಾನು ತೆಗೆದುಕೊಂಡದ್ದು ಬರೀ ಬಿತಾ.

"ಹೊಳೆ ದಂಡೇಲಿ ಕಾಸು ಇಸ್ಕೊಳ್ಳೋಕೆ ಕೂತಿರೋ ಮುದುಕಿ ನನ್ನಂಥವಳೇ ಆಗಿದ್ರೆ ಏನೇ ಗತಿ? ಮುಖಕ್ಕೇ ಎಸೀತಾಳೆ" ಎಂದು ಅತ್ತಳು. ಅತ್ತೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾನ ಬಿಟ್ಟು ಓಣಿಯಲ್ಲಿ ಬೇಡಿದೆ. ಎಲ್ಲರೂ ಅವಳಿಂದ ಬೈಸಿಕೊಂಡವರೇ. ಆದರೂ ಮನೆಗೊಂದರಂತೆ ಬಚ್ಚಿಟ್ಟ ಹಳೆಯ ಕಾಸು ಹೊರಬಂತು. ಆರನೆಯದನ್ನು ಮಗೊಜಿಯೇ ತಂದು ಅವಳ ಅಂಗೈಯಲ್ಲಿಟ್ಟ.

ಅತ್ತೆ ಒಂದೊಂದನ್ನೇ ಸವರಿದಳು. ಕೊನೆಯದಕ್ಕೆ ಬೆರಳು ನಿಂತಿತು. ದಿನಗಟ್ಟಲೆ ತಲೆ ಎತ್ತದವಳು ಎದ್ದು ಕೂತಳು!

"ಲೋ ಮಗೊಜಿ, ಸಾಯೋಳಿಗೂ ಬಿತಾ ತರ್ತೀಯೇನೋ, ಮುಠ್ಠಾಳ!"

"ನನ್ನತ್ರ ಇರೋದೇ ಅದು ಅಜ್ಜಿ. ಬೇಡ ಅಂದ್ರೆ ಸಾಯೋದನ್ನ ಮುಂದಕ್ಕೆ ಹಾಕು."

ಅತ್ತೆ ಅವನನ್ನು ದುರುಗುಟ್ಟಿ ನೋಡಿದಳು. ಆಮೇಲೆ ನಕ್ಕಳು. ನಕ್ಕು, ಕೆಮ್ಮಿ, ಗಂಜಿ ಕೇಳಿದಳು. ಅಬ್ಬಾ, ಹೋದ ಜೀವ ಬಂದಿತು ನನಗೆ. ಬಟ್ಟಲಿಗೆ ಬಡಿಸುವಾಗ ಅರ್ಧ ಗಂಜಿ ಚಾಪೆಗೇ ಬಿತ್ತು.

ಚೇತರಿಸಿಕೊಂಡ ಮೇಲೆ ಐದು ಕಾಸನ್ನು ಮನೆಮನೆಗೆ ತಾನೇ ಹೋಗಿ ಹಿಂದಿರುಗಿಸಿದಳು. ಮಗೊಜಿಯದನ್ನು ಮಾತ್ರ ಕೊಡಲಿಲ್ಲ. ಅಂಗಡಿಗೆ ಬಿತಾ ಬಂದರೆ ಗೊಣಗುತ್ತಾ ತೆಗೆದುಕೊಳ್ಳತೊಡಗಿದಳು.

ಎಷ್ಟೋ ವರ್ಷದ ಮೇಲೆ ನಿದ್ದೆಯಲ್ಲೇ ಹೋದಳು, ನರಳಲಿಲ್ಲ. ಅವಳೇ ಹೇಳಿಟ್ಟಿದ್ದಂತೆ ಆರೂ ಬಿತಾ ಕಾಸನ್ನೇ ಇಟ್ಟೆ, ಮೇಲೆ ಮಗೊಜಿಯದು.

"ಹೊಳೆ ದಂಡೆ ಮುದುಕಿ ತಗೊಂಡ್ರೆ ದಾಟ್ತೀನಿ. ಎಸೆದ್ರೆ ಮನೆಗೇ ಬರ್ತೀನಿ, ಬಾಗಿಲು ತೆಗಿ" ಎಂದಿದ್ದಳು.

ಕರ್ಮಗಳು ಮುಗಿಯುವವರೆಗೂ ಬಾಗಿಲಿಗೆ ಅಗುಳಿ ಹಾಕಲಿಲ್ಲ ನಾನು. ಅವಳು ಬರಲಿಲ್ಲ. ಆ ಮುದುಕಿ ನಮ್ಮತ್ತೆಗಿಂತ ಒಳ್ಳೆಯವಳು.