ಗೊತ್ತಿಲ್ಲ ಎಂದ ಅಧ್ಯಕ್ಷೆ

ನಾನು ಪಂಚಾಯಿತಿ ಅಧ್ಯಕ್ಷೆಯಾದ ವರ್ಷವೇ ಭೀಮಾ ನದಿಯ ನೀರು ನಮ್ಮೂರಿನ ಕೆಳಗಿನ ಓಣಿಗೆ ನುಗ್ಗಿತು. ಅಫಜಲಪುರ ತಾಲ್ಲೂಕಿನ ಹೊಳೆದಂಡೆಯ ಊರು ನಮ್ಮದು. ಮೇಲೆ ಮಹಾರಾಷ್ಟ್ರದಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟರೆ, ಇಲ್ಲಿ ಬಿಸಿಲಿದ್ದರೂ ಹೊಳೆ ಉಕ್ಕುತ್ತದೆ. ಆ ಸಲ ಮಣ್ಣಿನ ಗೋಡೆಗಳು ಕುಸಿದವು. ಜನ ಶಾಲೆಯ ಕೋಣೆಗಳಲ್ಲಿ ಮಲಗಿದರು.

ಅಲ್ಲಿಯವರೆಗೆ ಸಭೆಗಳಲ್ಲಿ ನನ್ನ ಪರವಾಗಿ ಗಂಡನೇ ಮಾತಾಡುತ್ತಿದ್ದ. ನಾನು ಸೆರಗು ಹೊದ್ದು ಪಕ್ಕದಲ್ಲಿ ಕೂಡುತ್ತಿದ್ದೆ. ನೀರು ಬಂದ ದಿನ ಅವನು ಮದುವೆಗೆಂದು ಆಳಂದಕ್ಕೆ ಹೋಗಿದ್ದ, ರಸ್ತೆ ಮುಳುಗಿ ಅಲ್ಲೇ ಉಳಿದ. ಟ್ರ್ಯಾಕ್ಟರ್ ಮೊದಲು ಯಾವ ಮನೆಗೆ ಹೋಗಬೇಕು, ಬಾಣಂತಿಯರನ್ನು ಎಲ್ಲಿ ಇರಿಸಬೇಕು ಎಂದು ಜನ ನನ್ನನ್ನೇ ಕೇಳಿದರು. ಹೇಳಿದೆ. ಹೇಳಿದ ಹಾಗೆ ಮಾಡಿದರು. ನಲವತ್ತು ದಾಟಿದ ಮೇಲೆ ನಾನು ಗಂಡನ ಹೆಂಡತಿ ಮಾತ್ರವಲ್ಲ, ನಾನೇ ಒಬ್ಬ ವ್ಯಕ್ತಿ ಎಂದು ಅನ್ನಿಸಿದ್ದು ಆಗಲೇ. ಗಂಡ ಬಂದ ಮೇಲೂ ಸಭೆಯಲ್ಲಿ ನಾನೇ ಮಾತಾಡಿದೆ. ಅವನಿಗೆ ಅದು ಹಿಡಿಸಲಿಲ್ಲ, ಮನೆಯಲ್ಲಿ ಮಾತು ಕಡಿಮೆಯಾಯಿತು.

ಊರನ್ನು ಎತ್ತರದ ಜಾಗಕ್ಕೆ ಸಾಗಿಸುವ ಮಾತು ಬಂತು. ಹಾಗೆಯೇ ಸಾಗಿಸಿದ್ದ ಇನ್ನೊಂದು ಊರನ್ನು ನೋಡಲು ನಾನು ಜೇವರ್ಗಿ ಕಡೆಗೆ ಹೋದೆ. ಮನೆಗಳಿದ್ದವು, ಕುಡಿಯುವ ನೀರಿರಲಿಲ್ಲ. ಅರ್ಧ ಜನ ಹಳೆಯ ಜಾಗಕ್ಕೇ ಮರಳಿದ್ದರು. ಅಧಿಕಾರಿಗಳನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು.

ಗ್ರಾಮಸಭೆಯಲ್ಲಿ ಕೆಳಗಿನ ಓಣಿಯ ಮುದುಕಿಯೊಬ್ಬಳು ಎದ್ದು ನಿಂತಳು. ಅವಳ ಎಮ್ಮೆ ನೀರಿನಲ್ಲಿ ಹೋಗಿತ್ತು.

"ನಾವು ಹೋಗಬೇಕೇನ್ರಿ, ಇಲ್ಲೇ ಇರಬೇಕೇನ್ರಿ? ಮತ್ತ ನೀರ ಬರ್ತಾವೇನ್ರಿ?"

"ಖರೇ ಹೇಳ್ತೇನಿ ಆಯಿ, ನನಗ ಗೊತ್ತಿಲ್ಲ," ಎಂದೆ. "ನಾ ಕಂಡಿದ್ದಷ್ಟೂ ಹೇಳ್ತೇನಿ. ಎಲ್ಲಾರೂ ಕೂಡಿ ವಿಚಾರ ಮಾಡೂಣು."

ಜೇವರ್ಗಿ ಕಡೆ ಕಂಡದ್ದನ್ನು ಹೇಳಿದೆ. ಆಗ ಊರಿನ ಗುತ್ತಿಗೆದಾರ ಎದ್ದ. ದಂಡೆಗೆ ಗೋಡೆ ಕಟ್ಟಿಸುತ್ತೇನೆ, ಒಂದು ಹನಿಯೂ ಒಳಗೆ ಬರುವುದಿಲ್ಲ ಎಂದ. ಜನ ಚಪ್ಪಾಳೆ ತಟ್ಟಿದರು. ಗೊತ್ತಿಲ್ಲ ಅನ್ನುವುದಕ್ಕೆ ಅಧ್ಯಕ್ಷರು ಯಾಕೆ ಬೇಕು ಎಂದು ಹಿಂದಿನಿಂದ ಯಾರೋ ನಕ್ಕರು.

ಮುಂದಿನ ಚುನಾವಣೆಯಲ್ಲಿ ನಾನು ಸೋತೆ. ಗುತ್ತಿಗೆದಾರನ ಹೆಂಡತಿ ಅಧ್ಯಕ್ಷೆಯಾದಳು, ಆ ಕುರ್ಚಿಯಲ್ಲಿ ಅವನು ಕೂತ. ಗೋಡೆ ಅರ್ಧಕ್ಕೆ ನಿಂತಿತು. ಮತ್ತೆ ಹೊಳೆ ಬಂದಾಗ ನೀರು ಗೋಡೆಯ ತುದಿಯನ್ನು ಸುತ್ತಿಕೊಂಡು ಓಣಿಗೆ ಇಳಿಯಿತು. ಗೋಡೆ ಅಡ್ಡವಿದ್ದುದರಿಂದ ಬೇಗ ಹೊರಗೆ ಹೋಗಲೂ ಇಲ್ಲ. ಮುದುಕಿಯ ಮನೆ ಪೂರ್ತಿ ಬಿತ್ತು.

ಮಗಳಿರುವ ಕೊಳಕೂರಿಗೆ ಅವಳು ಹೊರಟ ದಿನ ಗಂಟು ಎತ್ತಿಕೊಡಲು ಹೋದೆ. ಅವಳು ಗುತ್ತಿಗೆದಾರನನ್ನು ಬೈದಾಳು, ನಾನು ಹೇಳಿದ್ದು ಸರಿ ಎಂದಾಳು ಎಂಬ ಆಸೆ ಒಳಗೊಳಗೇ ಇತ್ತು.

"ಅಂವ ಸುಳ್ಳಾದ್ರೂ ಧೈರ್ಯ ಕೊಟ್ಟಿದ್ದ ನೋಡ್ರಿ," ಎಂದಳು ಮೆಲ್ಲಗೆ. "ನೀವು ಅದೂ ಕೊಡಲಿಲ್ಲ."

ನಾನು ಗಂಟನ್ನು ಅವಳ ತಲೆಯ ಮೇಲೆ ಎತ್ತಿಟ್ಟೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಕಲಿತದ್ದು ನಿಜ, ಆದರೆ ಅದು ಯಾರಿಗೂ ಉಪಯೋಗಕ್ಕೆ ಬರಲಿಲ್ಲ.

ಈಗ ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ಮೊಬೈಲಿಗೆ ಬಂದರೆ ಓಣಿಯಲ್ಲಿ ಉಳಿದವರು ಯಾರನ್ನೂ ಏನೂ ಕೇಳುವುದಿಲ್ಲ. ಹಾಸಿಗೆ ಸುತ್ತಿಕೊಂಡು ಶಾಲೆಯ ಕಡೆಗೆ ನಡೆಯುತ್ತಾರೆ. ನಾನೂ ಅವರ ಹಿಂದೆ ನಡೆಯುತ್ತೇನೆ.