ಸವಡಿಯಲ್ಲಿ ತೆಗೆಯದೆ ಉಳಿದ ಫೋಟೋ

ಮರವೇ ಇಲ್ಲದ ಬಯಲು ಇರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ರಾಜ್ಯ ಒಂದಾದ ಮಾರನೆಯ ವರ್ಷ ಸರ್ವೆಯವರು ನನ್ನನ್ನು ಮಂಡ್ಯದಿಂದ ಎತ್ತಿ ರೋಣ ತಾಲ್ಲೂಕಿಗೆ ಹಾಕಿದರು. ಮೊದಲ ದಿನ ಸವಡಿ ಎಂಬ ಹಳ್ಳಿಯ ಹೊಲದಲ್ಲಿ ಅಳತೆಯ ಯಂತ್ರ ನಿಲ್ಲಿಸಿ ದುರ್ಬೀನಿಗೆ ಕಣ್ಣಿಟ್ಟೆ. ಗುರುತಿಗೆ ಒಂದು ತೆಂಗಾದರೂ ಬೇಡವೇ? ಕಪ್ಪು ನೆಲ, ಅದರ ಮೇಲೆ ಆಕಾಶ, ಅಷ್ಟೇ. ಅಯ್ಯೋ ದೇವರೇ, ಇಲ್ಲಿ ನಾನು ಬದುಕುವುದುಂಟೇ ಎಂದುಕೊಂಡೆ.

ನಮ್ಮ ಕಡೆ ಕಾಲುವೆ ಹರಿದಲ್ಲೆಲ್ಲ ಕಣ್ಣಿಗೆ ತಂಪು. ಇಲ್ಲಿರುವುದು ಎರಿ ಹೊಲ, ಅಂದರೆ ಕರಿಮಣ್ಣು. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು, ಮಳೆ ಬಿದ್ದರೆ ಒಂದೊಂದು ಬೂಟಿಗೂ ಸೇರು ಮಣ್ಣು. ಅಲ್ಲಿ ಮುದ್ದೆ ನುಂಗುತ್ತಿದ್ದವನು ಇಲ್ಲಿ ಖಡಕ್ ರೊಟ್ಟಿ ಅಗಿಯಬೇಕಾಯಿತು. ನನಗೋ ಮೂಗಿನ ತುದಿಯಲ್ಲೇ ಕೋಪ. ತಿಂಗಳು ತುಂಬುವ ಮೊದಲೇ ಊರಿಗೆ ವರ್ಗ ಕೇಳಿ ಅರ್ಜಿ ಹಾಕಿದೆ.

ಬಾಡಿಗೆಗೆ ಸಿಕ್ಕಿದ್ದು ಈರವ್ವ ಎಂಬ ವಿಧವೆಯ ಮನೆಯ ಮುಂದಿನ ಕೋಣೆ. "ರೊಟ್ಟಿ ಮೆತ್ತಗ ಬೇಕೇನ್ರಿ ಸಾಹೇಬ್ರ? ದೇವ್ರು ಹಲ್ಲು ಎದಕ್ಕ ಕೊಟ್ಟಾನ್ರಿ ಮತ್ತ?" ಎಂದು ಆಡಿಕೊಂಡವರು ಮರುದಿನದಿಂದ ನನಗಾಗಿ ಬಿಸಿ ರೊಟ್ಟಿ ಬಡಿದು ಕೊಡತೊಡಗಿದರು. ಅವರ ಒಬ್ಬಳೇ ಮಗಳು ಗಂಗವ್ವ. ಹತ್ತಿರದ ಸೂಡಿ ಎಂಬ ಊರಿಗೆ ಕೊಟ್ಟಿದ್ದರು, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನನ್ನನ್ನು 'ಅಣ್ಣಾರ' ಎನ್ನುತ್ತಿದ್ದಳು. ಒಡಹುಟ್ಟಿದವರಿಲ್ಲದ ನನಗೆ ಆ ಒಂದು ಮಾತಿಗೇ ಜೀವ ಹಗುರವಾಗುತ್ತಿತ್ತು.

ಒಂಟಿತನಕ್ಕೆ ನನ್ನ ಬಳಿ ಇದ್ದ ಮದ್ದು ಒಂದು ಹಳೆಯ ಡಬ್ಬಿ ಕ್ಯಾಮೆರಾ. ಹಗಲೆಲ್ಲ ಸರಪಳಿ ಹಿಡಿದು ನೆಲ ಅಳೆಯುತ್ತಿದ್ದೆ, ಬಿಡುವಾದ ಬೆಳಗುಗಳಲ್ಲಿ ಹಕ್ಕಿ, ಮೋಡ, ಚಿಗರಿಗಳ ಹಿಂದೆ ಬೀಳುತ್ತಿದ್ದೆ. ಚಿಗರಿ ಎಂದರೆ ಕೃಷ್ಣಮೃಗ. ನನ್ನನ್ನು ಕಂಡರೆ ಹರದಾರಿ ಓಡುತ್ತಿದ್ದವು. ಉಪಾಯ ಹೇಳಿಕೊಟ್ಟವಳು ಗಂಗವ್ವನೇ. "ಚಕ್ಕಡಿ ಹಿಂದ ಅಡಗಿ ಹೋಗ್ರಿ ಅಣ್ಣಾರ. ಎತ್ತಿಗೆ ಅವು ಅಂಜೂದಿಲ್ಲ." ಹಾಗೆಯೇ ಎತ್ತಿನ ಬಂಡಿಯ ಮರೆಯಲ್ಲಿ ನಡೆದು ನಡೆದು ಹತ್ತಿರ ಹೋಗಲು ಕಲಿತೆ.

ರೀಲಿಗೆ ಎಂಟೇ ಚಿತ್ರ, ಅದೂ ಹುಬ್ಬಳ್ಳಿಯಿಂದ ಬರಬೇಕು. ತವರಿನಲ್ಲಿ ಗಂಗವ್ವನಿಗೆ ಕುಬಸ ಮಾಡುವುದೆಂದು ಗೊತ್ತಾಯಿತು. ನಮ್ಮ ಕಡೆಯ ಸೀಮಂತವೇ ಇದು. "ನಂದೊಂದು ಫೋಟೋ ತಗೀರಿ ಅಣ್ಣಾರ. ಹುಟ್ಟಿದಾಗಿಂದ ಒಂದೂ ತಗಿಸಿಲ್ಲ" ಎಂದಳು. ಕೊನೆಯ ಚಿತ್ರ ನಿನಗೇ ಎಂದು ಮಾತು ಕೊಟ್ಟೆ.

ಕುಬಸದ ದಿನ ಬೆಳಿಗ್ಗೆ ಸುಮ್ಮನೆ ಹೊಲದ ಕಡೆ ಹೋದೆ. ಕ್ಯಾಮೆರಾ ಯಾಕೆ ಒಯ್ದೆನೋ! ಚಕ್ಕಡಿಯಾಚೆ ಒಂದು ಗಂಡು ಚಿಗರಿ ಎಳೆಬಿಸಿಲಿಗೆ ಮುಖ ಕೊಟ್ಟು ನಿಂತಿತ್ತು. ಅಷ್ಟು ಹತ್ತಿರ ಎಂದೂ ಸಿಕ್ಕಿರಲಿಲ್ಲ. ಕೈ ತಡೆಯಲಿಲ್ಲ, ಉಳಿದಿದ್ದ ಆ ಒಂದು ಚಿತ್ರವನ್ನೂ ಒತ್ತಿಬಿಟ್ಟೆ.

ಮನೆಗೆ ಬಂದರೆ ಗಂಗವ್ವ ಹಸಿರು ಸೀರೆಯುಟ್ಟು ನನಗಾಗಿ ಕಾದು ಕುಳಿತಿದ್ದಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹೊಸ ರೀಲು ಬಂದ ಮೇಲೆ ಇನ್ನೊಂದು ತೆಗೆದರಾಯಿತು ಎಂದುಕೊಂಡು, ಖಾಲಿ ಕ್ಯಾಮೆರಾ ಹಿಡಿದು ನಿಂತು ಟಕ್ ಎನ್ನಿಸಿದೆ.

"ಚಲೋ ಬಂತೇನ್ರಿ ಅಣ್ಣಾರ?"

"ಚೆನ್ನಾಗಿ ಬಂತಮ್ಮ."

ರೀಲು ಬರಲಿಲ್ಲ. ದಿನ ತುಂಬುವ ಮೊದಲೇ ನೋವು ಬಂತು. ರೋಣದ ದವಾಖಾನೆಗೆ ಚಕ್ಕಡಿಯಲ್ಲಿ ಒಯ್ಯುವಾಗ ದಾರಿಯಲ್ಲೇ ಗಂಗವ್ವ ಹೋಗಿಬಿಟ್ಟಳು. ಮಗುವೂ ಉಳಿಯಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಈರವ್ವ ನನ್ನ ಬಾಗಿಲಿಗೆ ಬಂದು ನಿಂತರು. "ಸಾಹೇಬ್ರ, ಗಂಗೀ ಫೋಟೋ ತರಿಸಿಕೊಡ್ರಿ. ದೇವ್ರ ಜಗಲಿ ಮ್ಯಾಲ ಇಡ್ತೀನಿ."

ರೀಲು ಕೆಟ್ಟುಹೋಯಿತು ಎನ್ನಬಹುದಿತ್ತು, ಆ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಮುಖ ನೋಡಿ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಗೋಡೆಗೆ ಆನಿಕೊಂಡು ಕುಳಿತರು.

"ಅವತ್ತ ನಾ ಒಲಿ ಮುಂದ ಇದ್ದೆ. ಆಕೀನ ಕಣ್ತುಂಬ ನೋಡಾಕ ಆಗ್ಲಿಲ್ಲ" ಎಂದರು. "ನೀವು ಎದುರಿಗೇ ನಿಂತಿದ್ರಲ್ಲ. ಹ್ಯಾಂಗ ಕಾಣತಿದ್ಲು, ಹೇಳ್ರಿ."

ಹಸಿರು ಸೀರೆಯೊಂದು ಬಿಟ್ಟರೆ ನನಗೆ ಏನೂ ನೆನಪಿರಲಿಲ್ಲ. ಆ ಚಿಗರಿಯ ಕೊಂಬಿನ ಸುತ್ತುಗಳನ್ನು ಇಂದಿಗೂ ಹೇಳಬಲ್ಲೆ. ಗಂಗವ್ವನ ಎದುರು ಮಾತ್ರ, ಹೇಗೂ ಖಾಲಿ ಕ್ಯಾಮೆರಾ ಎಂದು, ನಾಚಿಕೆಯಿಂದ ಕಣ್ಣು ನೆಲಕ್ಕಿಟ್ಟು ನಿಂತಿದ್ದೆ. ಆದರೂ ಹೇಳಿದೆ. ಹಸಿರು ಸೀರೆ, ನಗು, ಮುಡಿ ತುಂಬ ಮಲ್ಲಿಗೆ. ಮರುದಿನ ಸಂಜೆಯೂ ಬಂದು ಕೇಳಿದರು. ಅದರ ಮರುದಿನವೂ ಬಂದರು.

ಈಗ ವರ್ಗದ ಹುಕುಂ ಬಂದಿದೆ, ಮಂಡ್ಯಕ್ಕೇ. ಊರಿನಲ್ಲಿ ನನ್ನ ಅವ್ವ ಕಾಯುತ್ತಿದ್ದಾಳೆ, ನನಗೂ ಕಾಲುವೆ ನೀರು ಕಾಣುವ ಆಸೆ. ಆದರೆ ನಾನು ಹೊರಟರೆ ಸಂಜೆ ಹೊತ್ತು ಈರವ್ವ ಯಾರ ಬಾಗಿಲಿಗೆ ಹೋಗಬೇಕು? ಹುಕುಂ ಜೇಬಿನಲ್ಲಿಟ್ಟುಕೊಂಡು ಎರಡು ವಾರವಾಯಿತು, ಹೇಳಿಲ್ಲ.

ನಿನ್ನೆ ಎಂದಿನಂತೆ ಶುರುಮಾಡಿದೆ. ಮುಡಿಯಲ್ಲಿ ಸೇವಂತಿಗೆ ಎಂದೆ. ಈರವ್ವ ತಲೆ ಎತ್ತಿ ನನ್ನನ್ನೇ ನೋಡಿದರು.

"ದಿನಾ ಒಂದೊಂದು ಹೂವು ಹೇಳ್ತೀರಲ್ರಿ ಸಾಹೇಬ್ರ" ಎಂದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಇರ್ಲಿ. ಹೇಳ್ರಿ, ಮುಂದ ಹೇಳ್ರಿ" ಎಂದರು.