ಸದ್ದಿಲ್ಲದೆ ನೋಡಿದ ಜಪಾನಿ ಕಾರ್ಟೂನು

ಶಿವಲೀಲಾಳ ಸುದ್ದಿ ಬಂದಾಗ ನಾನು ಮೊರದಲ್ಲಿ ನುಚ್ಚು ಹಸನು ಮಾಡುತ್ತಿದ್ದೆ. ಸಿಂಧನೂರಿನ ನಮ್ಮ ಓಣಿಗೆ ಕೇಬಲ್ ಆಗಷ್ಟೇ ಬಂದಿದ್ದ ಕಾಲ. ನನಗೆ ಹನ್ನೊಂದು, ತಂಗಿ ಶಿವಲೀಲಾಳಿಗೆ ನಾಲ್ಕು. ಅಪ್ಪ ರೈಸ್ ಮಿಲ್ಲಿನ ರಾತ್ರಿಪಾಳಿ ಮುಗಿಸಿ, ಬೇಯಿಸಿದ ಭತ್ತದ ವಾಸನೆ ಹೊತ್ತು ಬಂದು ಹಗಲೆಲ್ಲ ಮಲಗುತ್ತಿದ್ದ. ಆತ ಏಳುವತನಕ ಮನೆಯಲ್ಲಿ ಮಾತಿಲ್ಲ. ಹಸಿವಾದರೆ ಹೊಟ್ಟೆ ತಟ್ಟುವುದು, ನೀರು ಬೇಕಾದರೆ ಹೆಬ್ಬೆರಳು ಎತ್ತುವುದು. ಟಿವಿಯ ಸದ್ದೂ ಬಂದ್.

ಆಗ ಹಿಂದಿಯಲ್ಲಿ ಜಪಾನಿ ಕಾರ್ಟೂನುಗಳು ಒಂದರ ಹಿಂದೊಂದು ಬರುತ್ತಿದ್ದವು. ಸದ್ದಿಲ್ಲದೆ ನೋಡಿದರೆ ಹೆಚ್ಚಿನವು ಜೊಳ್ಳು. ಬಾಯಿ ತೆರೆಯುತ್ತಾರೆ, ಮುಷ್ಟಿಯಿಂದ ಬೆಂಕಿ ಬರುತ್ತದೆ, ಮತ್ತೆ ಬಾಯಿ. ನಾನು ಏನು ಬಂದರೂ ನೋಡುವವಳು. ಶಿವಲೀಲಾ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಒಂದಕ್ಕೆ ಮಾತ್ರ ಓಡಿಬಂದು ನನ್ನ ಗದ್ದ ಹಿಡಿದು ಟಿವಿಯತ್ತ ತಿರುಗಿಸುತ್ತಿದ್ದಳು: ಮುದಿ ಕುದುರೆಯ ಮೇಲೆ ಗುಡ್ಡದ ಊರುಗಳಿಗೆ ಉಪ್ಪು ಒಯ್ಯುವ ಹುಡುಗಿಯ ಕಥೆ. ಮಳೆಗೆ ಮೊದಲು ಹುಲ್ಲು ಬಾಗುತ್ತಿತ್ತು. ಕುದುರೆ ನೀರು ಕುಡಿಯುವತನಕ ಹುಡುಗಿ ತಾನು ಕುಡಿಯದೆ ಕಾಯುತ್ತಿದ್ದಳು. ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಚೊಲೊದು ಆರಿಸುವುದರಲ್ಲಿ ಸಣ್ಣಾಕಿಯೇ ಜಾಣೆ ಎಂದು ಅವ್ವ ನಗುತ್ತಿದ್ದಳು. ಅವಳಿಗೆ ಇನ್ನೂ ಮಾತು ಬಂದಿಲ್ಲವೆಂದು ಯಾರೂ ಚಿಂತಿಸಲಿಲ್ಲ. ಅಪ್ಪನಿಗೂ ತಡವಾಗಿಯೇ ಬಂದಿತ್ತಂತೆ.

ಅಂದು ಅವ್ವ ಅವಳನ್ನು ಅಂಗನವಾಡಿಯಿಂದ ಎತ್ತಿಕೊಂಡೇ ಬಂದಳು. ಟೀಚರು ಬೆನ್ನ ಹಿಂದೆ ತಾಟು ಬಡಿದರೆ ಉಳಿದ ಮಕ್ಕಳೆಲ್ಲ ಬೆಚ್ಚಿದರಂತೆ, ಇವಳು ತಿರುಗಲೇ ಇಲ್ಲವಂತೆ. ಮಲಗಿದ್ದ ಅಪ್ಪನನ್ನು ಅವ್ವ ಎಬ್ಬಿಸಿದಳು. ಹಾಗೆ ಎಬ್ಬಿಸಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಹುಚ್ಚಿ ಇದ್ದೀ ಏನ್ ನೀ? ಹೇಳಿದ್ದೆಲ್ಲ ತಿಳಿತೈತಿ ಅಕಿಗೆ," ಎಂದ ಅಪ್ಪ.

ಟಿವಿಯಲ್ಲಿ ಕುದುರೆಯ ಕಥೆ ನಡೆದಿತ್ತು. ಶಿವಲೀಲಾ ಹೋಗಿ ಮುಂದೆ ಕೂತಳು. ಅಪ್ಪ ಹಿಂದೆ ನಿಂತು ರಿಮೋಟಿನಿಂದ ಸದ್ದನ್ನು ಪೂರ್ತಿ ಏರಿಸಿದ. ನಾನು ಕಿವಿ ಮುಚ್ಚಿಕೊಂಡೆ. ಪಕ್ಕದ ಮನೆಯ ಚಾಚಿ ಏನಾಯಿತೆಂದು ಬಾಗಿಲಿಗೆ ಬಂದಳು. ತಂಗಿ ಮೊದಲಿನಂತೆಯೇ ಕುದುರೆ ನೋಡಿ ನಗುತ್ತಿದ್ದಳು.

"ಲೀಲವ್ವಾ," ಎಂದು ಅಪ್ಪ ಕರೆದ. ಮತ್ತೆ ಕರೆದ.

"ನಮ್ಮ ಮಾತು ಕೇಳ್ತಾಳ ಅಂದ್ಕಂಡಿದ್ವಿ," ಎಂದಳು ಅವ್ವ. "ಅಕಿ ನಮ್ಮ ಕೈ ನೋಡ್ತಿದ್ಲು."

ಆ ವರ್ಷವೇ ಅವಳನ್ನು ದೂರದ ಕಿವುಡ ಮಕ್ಕಳ ವಸತಿಶಾಲೆಗೆ ಕಳಿಸಿದೆವು. ಅವಳಿಲ್ಲದೆ ಕುದುರೆಯ ಕಥೆ ನೋಡಲು ನನಗೆ ಮನಸ್ಸಾಗಲಿಲ್ಲ. ಶಿವ ತಂಗಿಯ ಕೈಬಿಡಲಿಲ್ಲ: ಓದು ಕೊಟ್ಟ, ಲಿಂಗಸುಗೂರಿನಲ್ಲಿ ಹೊಲಿಗೆ ಅಂಗಡಿ ಕೊಟ್ಟ, ನಗಿಸುವ ಗಂಡನನ್ನು ಕೊಟ್ಟ. ಕೊಟ್ಟದ್ದನ್ನು ಇಲ್ಲವೆನ್ನಲಾರೆ.

ಈಗ ಮಸ್ಕಿಯ ನನ್ನ ಮನೆಯಲ್ಲಿ ಮಗಳು ಫೋನಿನಲ್ಲಿ ಜಪಾನಿ ಕಾರ್ಟೂನು, ಅವಳ ಮಾತಿನಲ್ಲಿ ಅನಿಮೆ, ಹುಡುಕುತ್ತಾಳೆ. ಶುರು ಮಾಡಿದ್ದೆಷ್ಟೋ, ಅರ್ಧಕ್ಕೆ ಬಿಟ್ಟದ್ದೆಷ್ಟೋ. ಹೋದ ವಾರ ಶಿವಲೀಲಾ ಬಂದವಳು ಅವಳ ಜೊತೆ ಕೂತು ನೋಡಿದಳು. ನಡುವೆ ನನ್ನತ್ತ ತಿರುಗಿ ಸರಸರ ಕೈಯಾಡಿಸಿ ಏನೋ ಹೇಳಿದಳು. ಶಾಲೆಯಲ್ಲಿ ಕಲಿತ ಕೈಮಾತು. ನನಗೆ ಅರ್ಧವೂ ತಿಳಿಯಲಿಲ್ಲ. ನಮ್ಮ ಹಳೆಯ ಸನ್ನೆಗಳಲ್ಲಿ ಏನೆಂದು ಕೇಳಿದೆ. ಅವು ಅವಳಿಗೆ ಮರೆತಿವೆ. ಮಗುವಿನ ತೊದಲು ಕೇಳಿದವರಂತೆ ನಕ್ಕು, ಫೋನಿನಲ್ಲಿ ಬರೆದು ತೋರಿಸಿದಳು: ಇದು ಚೆನ್ನಾಗಿಲ್ಲ, ಬೇರೆ ಹುಡುಕಿ.

ನನಗೂ ಹೊರಗಿನವರಂತೆ ಬಹುವಚನ. ನಾನು ತಲೆಯಾಡಿಸಿ, ಒಣಗಿದ ಬಟ್ಟೆ ತರಲು ಮಾಳಿಗೆ ಹತ್ತಿದೆ.